ಎರಡು ದಡದ ತೂಕ

ನಮ್ಮ ಊರಿನ ನಡುವೆ ನದಿ ಹರಿಯುತ್ತದೆ. ಪೂರ್ವದ ದಡ ಒಂದು ದೇಶ, ಪಶ್ಚಿಮದ ದಡ ಇನ್ನೊಂದು ದೇಶ. ಪೂರ್ವದಲ್ಲಿ ತೊಂಬತ್ತು ಕಿಲೊ ತೂಗುವ ಮುಸುಕಿನ ಜೋಳದ ಮೂಟೆಯನ್ನು ಸೇತುವೆ ದಾಟಿಸಿ ಆ ಕಡೆ ಇಳಿಸಿದರೆ ಎಂಬತ್ತೊಂದು ತೂಗುತ್ತದೆ. ದಾರಿಯಲ್ಲಿ ಒಂದು ಕಾಳೂ ಚೆಲ್ಲಿರುವುದಿಲ್ಲ. ವಾಪಸು ತಂದರೆ ಮತ್ತೆ ತೊಂಬತ್ತು. ಹಾಗಾಗಿ ನಾವು ಪೂರ್ವ ಪಶ್ಚಿಮ ಅನ್ನುವುದಿಲ್ಲ. ಭಾರದಡ, ಹಗುರದಡ ಅನ್ನುತ್ತೇವೆ.

ಊರಿನವರಿಗೆ ಇದೊಂದು ವಿಶೇಷವೇ ಆಗಿರಲಿಲ್ಲ. ಬಸುರಿಯರು ಎಂಟು ತಿಂಗಳು ತುಂಬಿದ ಕೂಡಲೇ ಹಗುರದಡದ ನೆಂಟರ ಮನೆಗೆ ಹೋಗಿ ಉಳಿಯುತ್ತಿದ್ದರು. ಮಂಡಿನೋವಿನ ಮುದುಕರು ಬೆಳಗಿನ ಗಂಜಿ ಕುಡಿದು ಸೇತುವೆ ದಾಟಿ, ಅಲ್ಲಿನ ಮಾವಿನ ಮರದ ಕೆಳಗೆ ಕಾಲು ಚಾಚಿಕೊಂಡು ಕೂತು ಸಂಜೆಗೆ ವಾಪಸಾಗುತ್ತಿದ್ದರು. ಫುಟ್‌ಬಾಲ್ ಪಂದ್ಯದ ಮೊದಲರ್ಧ ಒಂದು ದಡದಲ್ಲಿ, ಉಳಿದರ್ಧ ಇನ್ನೊಂದು ದಡದಲ್ಲಿ ನಡೆಯುತ್ತಿತ್ತು. ನಮ್ಮವರು ಆ ಕಡೆ ಹೋಗಿ ಒದ್ದರೆ ಚೆಂಡು ಗೋಲಿನ ಮೇಲಿಂದ ಹಾರಿಹೋಗುತ್ತಿತ್ತು. ಅವರು ಈ ಕಡೆ ಬಂದು ಒದ್ದರೆ ಗೋಲಿನವರೆಗೂ ತಲುಪುತ್ತಿರಲಿಲ್ಲ. ಆದರೂ ಯಾರೂ ಮೋಸ ಅಂತ ಕೂಗಾಡಿದ್ದು ನನಗೆ ನೆನಪಿಲ್ಲ.

ನನ್ನ ಹೆಸರು ತಾದಲಾ. ಭಾರದಡದ ಸುಂಕದ ಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಸರಕು ತೂಗುವ ಕೆಲಸ ಮಾಡಿದವಳು. ನನ್ನ ಅಕ್ಕ ಚಿಸೋಮೊ ಮದುವೆಯಾಗಿ ಹೋದದ್ದು ಹಗುರದಡಕ್ಕೆ. ಅಲ್ಲಿನ ಮೀನಿನ ಸಂತೆಯಲ್ಲಿ ಅವಳದೊಂದು ಕಟ್ಟೆ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಜೋಳದ ಮುದ್ದೆ ಕಟ್ಟಿಕೊಂಡು ಸೇತುವೆ ದಾಟುತ್ತಿದ್ದೆ. ಅವಳು ಮೀನಿನ ಸಾರು ಬಿಸಿ ಮಾಡಿಟ್ಟು ಕಾಯುತ್ತಿದ್ದಳು. ಎರಡು ದೇಶದ ಊಟ ಅಂತ ನಾವು ಯಾವತ್ತೂ ಅಂದುಕೊಂಡವರಲ್ಲ.

ಎಡವಟ್ಟು ಶುರುವಾದದ್ದು ಹೊಸ ತಕ್ಕಡಿಗಳಿಂದ. ಎರಡೂ ರಾಜಧಾನಿಗಳು ಒಂದೇ ವರ್ಷ, ಒಂದೇ ನಮೂನೆಯ ಸ್ಪ್ರಿಂಗ್ ತಕ್ಕಡಿಗಳನ್ನು ತಮ್ಮ ತಮ್ಮ ಸುಂಕದ ಕಟ್ಟೆಗೆ ಕಳಿಸಿದವು. ಸರಕು ಇಟ್ಟರೆ ಮುಳ್ಳು ತಿರುಗಿ ತೂಕ ತೋರಿಸುತ್ತದೆ. ಹಳೆಯದನ್ನೆಲ್ಲ ಗುಜರಿಗೆ ಹಾಕಿಸಿದರು. ಮೊದಲ ತಿಂಗಳಲ್ಲೇ ಹಗುರದಡದ ಅಧಿಕಾರಿಗಳು ತಮ್ಮ ರಾಜಧಾನಿಗೆ ಬರೆದರು: ಪೂರ್ವದವರು ಪ್ರತಿ ಮೂಟೆಯಲ್ಲೂ ಒಂಬತ್ತು ಕಿಲೊ ಜೋಳ ಕದಿಯುತ್ತಿದ್ದಾರೆ. ನಮ್ಮ ಅಧಿಕಾರಿಗಳು ನಮ್ಮ ರಾಜಧಾನಿಗೆ ಬರೆದರು: ಪಶ್ಚಿಮದಿಂದ ನಲವತ್ತೈದು ಕಿಲೊ ಅಂತ ಬರೆಸಿಕೊಂಡು ಬರುವ ಉಪ್ಪಿನ ಮೂಟೆ ಇಲ್ಲಿ ಐವತ್ತು ತೂಗುತ್ತಿದೆ, ಒಳಗೆ ಏನೋ ಬಚ್ಚಿಟ್ಟು ತರುತ್ತಿದ್ದಾರೆ. ನಾವು ಊರಿನವರು ಎರಡೂ ಕಡೆಯಿಂದ ಮನವಿ ಬರೆದು ಇದು ನಮ್ಮೂರ ರೀತಿ ಎಂದು ತಿಳಿಸಿದೆವು. ಯಾರೂ ನಂಬಲಿಲ್ಲ. ಪರಿಶೀಲನೆಗೆ ಬಂದ ಅಧಿಕಾರಿಗಳೂ ತಮ್ಮ ತಮ್ಮ ದಡದಲ್ಲೇ ನಿಂತು, ತಮ್ಮ ತಕ್ಕಡಿಯನ್ನಷ್ಟೇ ನೋಡಿ, ಅದು ಸರಿಯಿದೆ ಎಂದು ಬರೆದುಕೊಂಡು ಹೋದರು. ಕೊನೆಗೆ ಒಂದು ದಿನ ಎರಡೂ ಕಡೆ ಗೇಟು ಬಿತ್ತು. ರಾಯಭಾರಿಗಳನ್ನು ವಾಪಸು ಕರೆಸಿಕೊಂಡರು.

ಎಂಟು ವರ್ಷ ಸೇತುವೆ ಮುಚ್ಚಿತ್ತು. ಅವರ ಉಪ್ಪು, ಸಿಮೆಂಟು ನಮಗೆ ಬರಲಿಲ್ಲ. ನಮ್ಮ ಜೋಳ ಅವರಿಗೆ ಹೋಗಲಿಲ್ಲ. ಬಸುರಿಯರು ಕೊನೆಯ ತಿಂಗಳು ಭಾರದಡದಲ್ಲೇ ಏದುಸಿರು ಬಿಡುತ್ತ ಕಳೆದರು. ನಾನು ಖಾಲಿ ತಕ್ಕಡಿಯ ಪಕ್ಕ ಕೂತು ದಿನವೂ ಅದರ ಧೂಳು ಒರೆಸಿದೆ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಾನು ಈ ದಡದಲ್ಲಿ, ಅಕ್ಕ ಆ ದಡದಲ್ಲಿ ನಿಂತು ಕೂಗಿ ಮಾತಾಡುತ್ತಿದ್ದೆವು. ನದಿ ಅಗಲ. ಸುದ್ದಿಯೆಲ್ಲ ತುಂಡು ತುಂಡಾಗಿ ಬರುತ್ತಿತ್ತು. ಭಾವ ತೀರಿಹೋದದ್ದನ್ನು ಅವಳು ಮೂರು ಸಲ ಕೂಗಿ ಹೇಳಬೇಕಾಯಿತು. ದುಃಖದ ಮಾತನ್ನು ಅಷ್ಟು ಜೋರಾಗಿ ಹೇಳಿಸಿದ್ದಕ್ಕೆ ನಾನು ನನ್ನನ್ನೇ ಬೈದುಕೊಂಡೆ.

ಎಂಟನೇ ವರ್ಷ ಕೂಲಿಗಳು ಬಂದು ಸೇತುವೆಯ ಒಂದೊಂದು ಕಬ್ಬಿಣದ ತೊಲೆಗೂ ಬಿಳಿ ಬಣ್ಣದಲ್ಲಿ ನಂಬರು ಬರೆದರು. ಏನು ಅಂತ ಕೇಳಿದರೆ, ಬಿಚ್ಚುವುದಕ್ಕೆ ಎಂದರು. ಎರಡೂ ದೇಶದವರು ಕಡೆಯದಾಗಿ ಒಮ್ಮೆ ಮಾತುಕತೆಗೆ ಕೂರುತ್ತಾರಂತೆ. ಒಪ್ಪಂದವಾದರೆ ಸೇತುವೆ ತೆರೆಯುತ್ತದೆ, ನಮ್ಮ ಜಲಪಾತದ ವಿದ್ಯುತ್ತು ಅವರ ಸಿಮೆಂಟಿನ ಕಾರ್ಖಾನೆಗಳಿಗೆ ಹೋಗುತ್ತದೆ, ರಾಯಭಾರಿಗಳು ಮರಳುತ್ತಾರೆ. ಆಗದಿದ್ದರೆ ಅವರ ಅರ್ಧ ಸೇತುವೆ ಅವರು, ನಮ್ಮ ಅರ್ಧ ನಾವು ಕಿತ್ತುಕೊಳ್ಳುವುದು.

ಮಾತುಕತೆಯ ಹಿಂದಿನ ದಿನ ನಮ್ಮ ಕಟ್ಟೆಯ ಮುಖ್ಯಾಧಿಕಾರಿ ಗೊಂಡ್ವೆ ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯರೇ. ಆದರೆ ಮೇಲಿನಿಂದ ಬಂದ ಕಾಗದಕ್ಕೆ ಹೆದರುವವರು.

"ನೋಡು ತಾದಲಾ, ನಾಳೆ ನಾಳಿದ್ದರಲ್ಲಿ ನಿನ್ನ ಕರೀತಾರೆ. ನಮ್ಮ ತಕ್ಕಡಿ ಸರಿ ಇದೆಯಾ ಅಂತ ಕೇಳ್ತಾರೆ. ಇದೆ ಅನ್ನು. ಅಷ್ಟೇ. ಅದರ ಮೇಲೆ ಒಂದು ಮಾತೂ ಬೇಡ."

"ನಮ್ಮ ತಕ್ಕಡಿ ಸರಿಯಾಗೇ ಇದೆಯಲ್ಲ ಸಾರ್. ಹೇಳ್ತೀನಿ" ಎಂದೆ.

ಸೇತುವೆಯ ಸರಿ ಮಧ್ಯದಲ್ಲಿ ಒಂದು ಕೆಂಪು ಗೆರೆ ಇದೆ. ಅದರ ಮೇಲೆಯೇ ಶಾಮಿಯಾನ ಹಾಕಿ, ಉದ್ದನೆಯ ಮೇಜನ್ನು ಗೆರೆಗೆ ಅಡ್ಡವಾಗಿ ಇಟ್ಟಿದ್ದರು. ನಮ್ಮ ತುದಿಯಲ್ಲಿ ಉಪಮಂತ್ರಿ ಲಿಂಬಾನಿ, ಕರಿ ಕೋಟು ತೊಟ್ಟ ಬಿಗಿ ಮುಖದವರು. ಎದುರು ತುದಿಯಲ್ಲಿ, ಎಂಟು ವರ್ಷದ ಹಿಂದೆ ವಾಪಸು ಕರೆಸಿಕೊಂಡಿದ್ದ ಅವರ ದೇಶದ ರಾಯಭಾರಿ ಮುಟಾಲೆ, ನನ್ನ ಅಮ್ಮನ ವಯಸ್ಸಿಗೆ ಹತ್ತಿರದ ಹೆಂಗಸು, ತಲೆಗೆ ಹಳದಿ ಬಟ್ಟೆ ಸುತ್ತಿದ್ದರು. ಇಬ್ಬರೂ ಕೈ ಕುಲುಕಲಿಲ್ಲ. ಮೊದಲ ದಿನವಿಡೀ ಇವರು ಅವರ ಕಳ್ಳತನದ ಪಟ್ಟಿ ಓದಿದರು, ಅವರು ಇವರ ಕಳ್ಳತನದ ಪಟ್ಟಿ ಓದಿದರು. ಎರಡೂ ದಡದಲ್ಲಿ ಜನ ಬಿಸಿಲಿಗೆ ಕೊಡೆ ಹಿಡಿದು ನಿಂತು ನೋಡುತ್ತಿದ್ದರು. ಬಿಚ್ಚುವ ಕೂಲಿಗಳೂ ಸಾಮಾನು ಸಮೇತ ಅಲ್ಲೇ ಇದ್ದರು.

ಎರಡನೇ ದಿನ ನನ್ನನ್ನು ಕರೆದರು. ನನ್ನ ಸಮವಸ್ತ್ರದ ಮೇಲೆ ಸುಂಕದ ಕಟ್ಟೆಯ ಹಿತ್ತಾಳೆ ಬಿಲ್ಲೆ ಇತ್ತು. ಬೆಳಿಗ್ಗೆಯೇ ಉಜ್ಜಿ ಹೊಳೆಯುವಂತೆ ಮಾಡಿಕೊಂಡಿದ್ದೆ. ಲಿಂಬಾನಿ ಕೇಳಿದರು, "ಹೇಳಮ್ಮ, ನಮ್ಮ ತಕ್ಕಡಿ ಸರಿ ಇದೆಯಾ?"

"ಇದೆ ಸಾರ್."

ಅವರು ತಲೆಯಾಡಿಸಿ ನನ್ನನ್ನು ಕಳಿಸುವುದರಲ್ಲಿದ್ದರು. ಅಷ್ಟರಲ್ಲಿ ಮುಟಾಲೆ ತಮ್ಮ ಭಾಷೆಯಲ್ಲಿ ಕೇಳಿದರು, "ಹಾಗಾದ್ರೆ ನಮ್ಮ ತಕ್ಕಡಿ ಸುಳ್ಳು ಹೇಳುತ್ತೇನಮ್ಮ?"

ದುಭಾಷಿ ಬಾಯಿ ತೆರೆಯುವ ಮೊದಲೇ ನನಗೆ ಅರ್ಥವಾಗಿತ್ತು. ಅಕ್ಕನ ಮನೆಯ ಭಾಷೆ ಅದು. ಗೊಂಡ್ವೆ ನನ್ನ ಕಡೆಗೇ ನೋಡುತ್ತಿದ್ದರು. ಸುಮ್ಮನಿದ್ದರೆ ನನಗೇನೂ ಆಗುತ್ತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ತೂಗಿದ ಕೈಗೆ ಗೊತ್ತಿರುವುದನ್ನು ಬಾಯಿ ಹೇಗೆ ನುಂಗಿಕೊಳ್ಳುವುದು?

"ಇಲ್ಲಮ್ಮ, ಅದೂ ಸರಿಯಾಗೇ ಇದೆ" ಅಂದೆ. ಮೊದಲು ಅವರ ಭಾಷೆಯಲ್ಲಿ, ಆಮೇಲೆ ನಮ್ಮ ಭಾಷೆಯಲ್ಲಿ.

ಲಿಂಬಾನಿ ಹುಬ್ಬು ಗಂಟಿಕ್ಕಿದರು. "ಒಂದೇ ಮೂಟೆಗೆ ಎರಡು ತೂಕ. ಎರಡೂ ಸರಿ. ಇದೆಂಥ ಮಾತಮ್ಮ?"

"ಉಪ್ಪಿನ ಮೂಟೆಯಲ್ಲಿ ಅವರು ಏನೂ ಬಚ್ಚಿಟ್ಟಿಲ್ಲ ಸಾರ್. ನಮ್ಮವರೂ ಜೋಳ ಕದ್ದಿಲ್ಲ. ನೀವು ಯಾರೂ ಆ ಗೆರೆ ದಾಟಿ ನೋಡಿಲ್ಲ. ಅದಕ್ಕೇ ಗೊತ್ತಾಗಿಲ್ಲ."

ಗೊಂಡ್ವೆ ಎದ್ದು ನಿಂತರು. "ಸಾಹೇಬ್ರೇ, ಈಕೆ ಇಲಾಖೆಯ ಪರವಾಗಿ ಮಾತಾಡ್ತಿಲ್ಲ. ಈ ಕ್ಷಣದಿಂದ ಈಕೆಯನ್ನ ಕೆಲಸದಿಂದ ತೆಗೆದಿದ್ದೀನಿ." ನನ್ನ ಹತ್ತಿರ ಬಂದು ಕೈ ಚಾಚಿದರು. ನಾನು ಬಿಲ್ಲೆ ಬಿಚ್ಚಿ ಕೊಟ್ಟೆ. ಪಿನ್ನು ಬಟ್ಟೆಗೆ ಸಿಕ್ಕಿಹಾಕಿಕೊಂಡಿದ್ದರಿಂದ ಬಿಚ್ಚುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಇಡೀ ಸಭೆ ಅದನ್ನು ನೋಡುತ್ತ ಕೂತಿತ್ತು. ನನ್ನ ಕಿವಿ ಬಿಸಿಯಾದವು. ಆದರೆ ಬಿಲ್ಲೆ ಕೈಬಿಟ್ಟ ಮೇಲೆ ಒಂದು ಧೈರ್ಯ ಬಂತು.

"ಕೆಲಸ ಹೋಯ್ತು ಸಾರ್. ಇನ್ನು ಊರಿನವಳಾಗಿ ಹೇಳ್ತೀನಿ. ಇಲ್ಲಿ ಸಾಕ್ಷಿಗೆ ಅಂತ ತಂದಿಟ್ಟ ಒಂದು ಜೋಳದ ಮೂಟೆ ಇದೆ. ಯಾರಾದ್ರೂ ಹೊತ್ತುಕೊಂಡು ಗೆರೆ ದಾಟಲಿ. ನಾವು ಊರಿನವರು ಹೊತ್ತರೆ ನಾಟಕ ಅಂತೀರ. ನಿಮ್ಮಲ್ಲೇ ಒಬ್ಬರು ಹೊತ್ತು ನೋಡಿ."

ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಕಾರ್ಯದರ್ಶಿ ನಕ್ಕುಬಿಟ್ಟ. ಲಿಂಬಾನಿ ನಗಲಿಲ್ಲ. ಕೋಟು ಕಳಚಿ ಕುರ್ಚಿಯ ಬೆನ್ನಿಗೆ ನೇತುಹಾಕಿದರು.

"ಸಾರ್, ನೀವಾ?" ಎಂದ ಕಾರ್ಯದರ್ಶಿ.

"ನಮ್ಮಪ್ಪ ರೈಲ್ವೆ ಯಾರ್ಡಲ್ಲಿ ಮೂಟೆ ಹೊರ್ತಿದ್ರು. ಅವರು ಹೊತ್ತಿದ್ದರಿಂದ ನಾನು ಓದಿದೆ. ಒಂದು ಮೂಟೆ ಹೊತ್ತರೆ ನನ್ನ ಮರ್ಯಾದೆ ಏನೂ ಹೋಗಲ್ಲ" ಎಂದರು. ಇಬ್ಬರು ಕೂಲಿಗಳು ಎತ್ತಿಕೊಟ್ಟರು. ಮೂಟೆ ಭುಜಕ್ಕೆ ಬಿದ್ದಾಗ ಅವರ ಕುತ್ತಿಗೆಯ ನರ ಉಬ್ಬಿತು. ಒಂದೊಂದೇ ಹೆಜ್ಜೆ ಇಟ್ಟು ಗೆರೆ ದಾಟಿದರು. ದಾಟಿದ ಕೂಡಲೇ ಜೋಲಿ ತಪ್ಪಿದವರಂತೆ ಮುಂದಕ್ಕೆ ವಾಲಿ ಸಾವರಿಸಿಕೊಂಡರು. ನಿಂತರು. ತಿರುಗಿ ಈ ಕಡೆ ಬಂದರು. ಮತ್ತೆ ಆ ಕಡೆ ಹೋದರು. ಮೂರನೇ ಸಲ ದಾಟುವಾಗ ಆ ಬಿಗಿ ಮುಖದಲ್ಲಿ ನಗು ಉಕ್ಕಿ ಬಂತು. ಹತ್ತಿರದಲ್ಲಿದ್ದವರಿಗೆಲ್ಲ ಕೇಳುವಂತೆ "ಅಪ್ಪ ಇರಬೇಕಿತ್ತು" ಎಂದರು.

ಮುಟಾಲೆ ಸುಮ್ಮನಿರುವವರಲ್ಲ. ಎದ್ದು ಬಂದು ತಮ್ಮ ಕಡೆ ಇಟ್ಟಿದ್ದ ಒಂದು ಸಣ್ಣ ಉಪ್ಪಿನ ಚೀಲವನ್ನು ನಮ್ಮ ಹೆಂಗಸರಂತೆಯೇ ತಲೆಯ ಮೇಲೆ ಏರಿಸಿಕೊಂಡು ಈ ಕಡೆಗೆ ನಡೆದರು. ಗೆರೆ ದಾಟುತ್ತಿದ್ದಂತೆ ಮಂಡಿ ಬಾಗಿ, "ಅಯ್ಯಯ್ಯೋ!" ಎಂದು ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಎರಡೂ ದಡದಿಂದ ಚಪ್ಪಾಳೆ, ನಗು ಕೇಳಿಸಿತು. ಎಂಟು ವರ್ಷದಲ್ಲಿ ಎರಡು ದಡವೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಆದರೆ ನಗುವುದರಿಂದ ಒಪ್ಪಂದವಾಗುವುದಿಲ್ಲ. ಬೆವರು ಒರೆಸಿಕೊಂಡು ಕೂತ ಮೇಲೆ ಲಿಂಬಾನಿಯೇ ಕೇಳಿದರು, "ಸರಿ, ಯಾರೂ ಕದ್ದಿಲ್ಲ. ಆದ್ರೆ ಕಾಗದದಲ್ಲಿ ಯಾವ ತೂಕ ಬರೆಯೋದು? ನಿಮ್ಮದಾ, ನಮ್ಮದಾ?"

ಮಧ್ಯದ ತೂಕ ಬರೆಯೋಣ ಎಂದ ಒಬ್ಬ ಅಧಿಕಾರಿ. ಮುಟಾಲೆ ತಲೆ ಅಡ್ಡಡ್ಡ ಆಡಿಸಿದರು. "ಮಧ್ಯದ ತೂಕ ಯಾವ ದಡದಲ್ಲೂ ಇಲ್ಲ. ಇಲ್ಲದ್ದನ್ನ ಬರೆದ್ರೆ ನಾಳೆ ನಮ್ಮ ಮಕ್ಕಳು ಮತ್ತೆ ಜಗಳಕ್ಕೆ ಕೂರ್ತಾರೆ." ಮತ್ತೆ ದನಿಗಳು ಏರತೊಡಗಿದವು. ಬಿಚ್ಚುವ ಕೂಲಿಗಳು ಇದನ್ನು ನೋಡಿ ಎದ್ದು ನಿಂತರು.

ನಾನು ಇನ್ನೂ ಅಲ್ಲೇ ನಿಂತಿದ್ದೆ. ಹೋಗು ಅಂತ ಯಾರೂ ಹೇಳಿರಲಿಲ್ಲ. "ಸ್ಪ್ರಿಂಗ್ ತಕ್ಕಡಿ ಬಿಟ್ಟುಬಿಡಿ ಸಾರ್. ಎರಡು ತಟ್ಟೆಯ ತಕ್ಕಡಿ ತನ್ನಿ. ಒಂದರಲ್ಲಿ ಸರಕು, ಒಂದರಲ್ಲಿ ತೂಕದ ಕಲ್ಲು. ಗೆರೆ ದಾಟಿದ್ರೆ ಸರಕು ಹಗುರಾಗುತ್ತೆ, ಕಲ್ಲೂ ಅಷ್ಟೇ ಹಗುರಾಗುತ್ತೆ. ತಟ್ಟೆ ಕಟ್ಟಿರೋ ದಂಡಿಗೆ ಅಲ್ಲಾಡಲ್ಲ."

"ಅಂಥದ್ದು ಈಗ ಎಲ್ಲಿದೆಯಮ್ಮ?"

"ನಮ್ಮ ಕಟ್ಟೆಯದನ್ನ ಗುಜರಿಗೆ ಹಾಕಿದ್ರು. ಆ ಕಡೆ ಮೀನಿನ ಸಂತೆಯ ಹೆಂಗಸರು ಮಾತ್ರ ಕೊಡಲಿಲ್ಲ. ನಮ್ಮಕ್ಕನ ಹತ್ತಿರ ಇದೆ."

ಮುಟಾಲೆ ತಮ್ಮ ಆಳೊಬ್ಬನನ್ನು ಸಂತೆಗೆ ಓಡಿಸಿದರು. ಅರ್ಧ ಗಂಟೆಯಲ್ಲಿ ಹಗುರದಡದ ಗೇಟು ತೆರೆಯಿತು. ತಕ್ಕಡಿಯ ದಂಡಿಗೆಯನ್ನು ಹೆಗಲ ಮೇಲಿಟ್ಟು, ಎರಡು ತಟ್ಟೆ ತೂಗಾಡಿಸುತ್ತ, ಸೊಂಟಕ್ಕೆ ಕಲ್ಲುಗಳ ಚೀಲ ಕಟ್ಟಿಕೊಂಡು ಅಕ್ಕ ನಡೆದು ಬಂದಳು. ಅವಳ ತಲೆ ಪೂರ್ತಿ ನರೆತಿತ್ತು. ನದಿಯ ಆಚೆಯಿಂದ ಅದು ಕಂಡಿರಲೇ ಇಲ್ಲ. ಕೆಂಪು ಗೆರೆಯ ಆ ಬದಿಗೆ ಬಂದು ನಿಂತಳು. ನಾನು ಈ ಬದಿಗೆ. ನಡುವೆ ಒಂದು ಮೊಳವೂ ಇರಲಿಲ್ಲ. ಎರಡೂ ಕಡೆ ಬಂದೂಕು ಹಿಡಿದ ಕಾವಲಿನವರಿದ್ದರು. ಅಪ್ಪಣೆಯಿಲ್ಲದೆ ಮುಟ್ಟಬಹುದೋ ಇಲ್ಲವೋ ತಿಳಿಯಲಿಲ್ಲ.

"ಇಳಿದುಹೋಗಿದ್ದೀಯಲ್ಲೇ" ಎಂದಳು ಅಕ್ಕ, ಕೂಗದೆ. ಎಂಟು ವರ್ಷದ ಮೇಲೆ ಅವಳ ಸಣ್ಣ ದನಿ ಕೇಳಿದೆ.

"ಏನಮ್ಮ ನೋಡ್ತಾ ನಿಂತಿದ್ದೀರಾ? ತಬ್ಕೊಳ್ಳಿ" ಎಂದರು ಮುಟಾಲೆ. ಕಾವಲಿನವರು ಬೇರೆ ಕಡೆ ಮುಖ ತಿರುಗಿಸಿದರು. ಅಕ್ಕನ ಮೈಯಿಂದ ಒಣಮೀನಿನ ವಾಸನೆ ಬರುತ್ತಿತ್ತು. ನನಗೆ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಆದರೆ ಕೆಲಸ ಬಾಕಿ ಇತ್ತು.

ಅಕ್ಕ ನಮ್ಮ ದಡದಲ್ಲಿ ತಕ್ಕಡಿ ಎತ್ತಿ ಹಿಡಿದಳು. ಒಂದು ತಟ್ಟೆಗೆ ಐದು ಕಿಲೊದ ಕಲ್ಲು, ಇನ್ನೊಂದಕ್ಕೆ ಜೋಳ ಸುರಿದೆ. ದಂಡಿಗೆ ನೇರವಾಗಿ ನಿಂತಿತು. ಹಾಗೇ ಎತ್ತಿಕೊಂಡು ಗೆರೆ ದಾಟಿದಳು. ದಂಡಿಗೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಅಧಿಕಾರಿಗಳು ಕುರ್ಚಿ ಬಿಟ್ಟು ಸುತ್ತ ಬಂದು ನಿಂತರು. ಉಪ್ಪು ತೂಗಿದೆವು, ಮೀನು ತೂಗಿದೆವು. ಒಬ್ಬ ಅಧಿಕಾರಿಯ ದಪ್ಪ ಕಡತವನ್ನೂ ತೂಗಿದೆವು. ಎರಡೂ ದಡದಲ್ಲಿ ಒಂದೇ.

"ಆದ್ರೆ ಕಲ್ಲು ಯಾರದು?" ಎಂದ ಅವರ ಕಡೆಯ ಅಧಿಕಾರಿ. "ಇದು ನಮ್ಮ ಸಂತೆಯ ಕಲ್ಲು. ನಾಳೆ ನಿಮ್ಮವರು ನಂಬ್ತಾರಾ?"

ಲಿಂಬಾನಿ ಸೇತುವೆಯ ಕಟಕಟೆಗೆ ಒರಗಿ ಕೆಳಗೆ ನೋಡಿದರು. ನಡುವಿನ ಕಂಬದ ಬುಡದಲ್ಲಿ ಕರಿ ಬಂಡೆಗಳು ನೀರಿನಿಂದ ತಲೆ ಎತ್ತಿಕೊಂಡಿದ್ದವು. "ಅಲ್ಲಿಂದ ಒಂದು ಬಂಡೆ ತೆಗೆಸೋಣ. ನಿಮ್ಮ ಕಲ್ಲುಕುಟಿಗರು, ನಮ್ಮ ಕಲ್ಲುಕುಟಿಗರು ಸೇರಿ ಅದರಿಂದ ತೂಕದ ಕಲ್ಲುಗಳನ್ನ ಕೆತ್ತಲಿ. ಎರಡು ದೇಶದ ಮುದ್ರೆಯನ್ನೂ ಅವುಗಳ ಮೇಲೆ ಒತ್ತಲಿ. ಒಪ್ಪಿಗೆಯಾ?" ಎಂದು ಕೈ ಚಾಚಿದರು. ಮುಟಾಲೆ ಉಪ್ಪಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅವರ ಕೈ ಹಿಡಿದರು.

ಬಿಚ್ಚಲು ಬಂದಿದ್ದ ಕೂಲಿಗಳೇ ನೀರಿಗಿಳಿದು ಬಂಡೆಗೆ ಹಗ್ಗ ಬಿಗಿದರು. ಮೂರನೇ ದಿನ ಸಂಜೆ ಸಹಿ ಬಿದ್ದವು. ಸೇತುವೆಯ ನಡುವೆ ಎರಡು ದೇಶಕ್ಕೂ ಸೇರಿ ಒಂದೇ ತೂಕದ ಕಟ್ಟೆ. ನಮ್ಮ ಜಲಪಾತದಿಂದ ಅವರ ಕಡೆಗೆ ವಿದ್ಯುತ್ ತಂತಿ. ವರ್ಷಕ್ಕೆ ಎರಡು ಸಲ ಎರಡೂ ದೇಶದ ಮಂತ್ರಿಗಳು ಇದೇ ಊರಿನಲ್ಲಿ ಕೂತು ಮಾತಾಡಬೇಕು, ಕೂರುವ ಮೊದಲು ಇಬ್ಬರೂ ಸೇತುವೆ ದಾಟಬೇಕು. ಕೊನೆಯ ಕಲಮನ್ನು ಮುಟಾಲೆ ಸೇರಿಸಿದರು: ಕಟ್ಟೆಯಲ್ಲಿ ಒಂದೊಂದು ದೇಶದ ಒಬ್ಬೊಬ್ಬರು ತೂಗುವವರು ಇರಬೇಕು, ಪ್ರತಿ ಸರಕಿನ ತೂಕವನ್ನು ಇಬ್ಬರೂ ಗಟ್ಟಿಯಾಗಿ ಹೇಳಬೇಕು, ಮತ್ತು ಒಬ್ಬರು ಇನ್ನೊಬ್ಬರ ಭಾಷೆಯಲ್ಲಿ ಹೇಳಬೇಕು.

ನಮ್ಮ ಕಡೆಯಿಂದ ಯಾರು ಎಂದಾಗ ಲಿಂಬಾನಿ ನನ್ನ ಹೆಸರು ಬರೆದರು. ಗೊಂಡ್ವೆ ಮನೆಗೇ ಬಂದರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತರು. "ಎಂಟು ವರ್ಷ ಆ ಗೇಟಿನ ಬೀಗದ ಕೈ ನನ್ನ ಹತ್ತಿರಾನೇ ಇತ್ತು ತಾದಲಾ. ನನಗೂ ಗೊತ್ತಿತ್ತು. ನನಗೆ ಬಾಯಿ ಬರಲಿಲ್ಲ" ಎಂದರು. ನಾನು ಅವರಿಗೆ ಕೂರಲು ಮಣೆ ತಂದಿಟ್ಟೆ. ಆಮೇಲೆ ಕೂತು ಚಹಾ ಕುಡಿದರು.

ಕಟ್ಟೆ ತೆರೆಯುವ ದಿನ ಎರಡೂ ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸುರಿಯರನ್ನು ಮುಂದಕ್ಕೆ ಬಿಟ್ಟಿದ್ದರು. ಮುದುಕರು ಊರುಗೋಲು ಹಿಡಿದು ಸಾಲಿನಲ್ಲಿ ನಿಂತಿದ್ದರು. ಲಾರಿಗಳು ಬೆಟ್ಟದ ತಿರುವಿನವರೆಗೂ ನಿಂತಿದ್ದವು. ಹಗುರದಡದ ತೂಗುವವನು ಕಪಾಂಬ್ವೆ, ದೊಡ್ಡ ಹೊಟ್ಟೆಯ, ನಾಚಿಕೆಯ ಮನುಷ್ಯ. ಒಂದು ವಾರದಿಂದ ನನ್ನ ಹತ್ತಿರ ನಮ್ಮ ಭಾಷೆಯ ಸಂಖ್ಯೆಗಳನ್ನು ಕಲಿಯುತ್ತಿದ್ದ. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತೆವು. ಬೆಂಚಿನ ಅವನ ಅರ್ಧ ಆ ದೇಶದಲ್ಲಿ, ನನ್ನ ಅರ್ಧ ಈ ದೇಶದಲ್ಲಿ. ಎದುರಿಗೆ ಆಳೆತ್ತರದ ಹೊಸ ತಕ್ಕಡಿ, ಪಕ್ಕದಲ್ಲಿ ಎರಡು ಮುದ್ರೆಯ ಕರಿ ಕಲ್ಲುಗಳು. ಊರಿನವರು ಅವಕ್ಕೆ ಹೂವು ಮುಡಿಸಿಬಿಟ್ಟಿದ್ದರು. ಹೂವಿನ ಸಮೇತ ತೂಗಿದರೆ ತಪ್ಪಾಗುತ್ತದೆ ಎಂದು ಹೇಳಿ ನಾನು ತೆಗೆಸಿದೆ.

ಮೊದಲ ಸರಕು ಅಕ್ಕನ ಒಣಮೀನಿನ ಬುಟ್ಟಿಗಳು. ಅದನ್ನು ಊರಿನವರೇ ತೀರ್ಮಾನಿಸಿದ್ದರು. ಅವಳು ಹೊಸ ಸೀರೆಯಂಥ ಬಣ್ಣದ ಬಟ್ಟೆ ಸುತ್ತಿಕೊಂಡು ಬಂದು, ಬುಟ್ಟಿಗಳನ್ನು ತಟ್ಟೆಗೆ ಏರಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ತಂಗಿ ಅಂತ ಹೆಚ್ಚು ಕಡಿಮೆ ತೂಗಬೇಡ" ಎಂದಳು.

"ಅಕ್ಕ ಅಂತ ಮಾತಾಡಿಸೋಕೂ ಇಲ್ಲಿ ಹೊತ್ತಿಲ್ಲ. ಸ್ವಲ್ಪ ಹಿಂದೆ ನಿಂತ್ಕೊ" ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಒಂದೊಂದೇ ಕಲ್ಲು ಇಟ್ಟೆವು. ದಂಡಿಗೆ ಮೆಲ್ಲಗೆ ಏರಿ, ಇಳಿದು, ಸರಿಯಾಗಿ ನಿಂತಿತು. ಕಪಾಂಬ್ವೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡು ನಮ್ಮ ಭಾಷೆಯಲ್ಲಿ ತೂಕ ಹೇಳಿದ. ನಲವತ್ತು ಅನ್ನುವುದನ್ನು ನಾಲ್ಕು ನೂರು ಅಂದುಬಿಟ್ಟ. ಭಾರದಡ ಗೊಳ್ಳೆಂದು ನಕ್ಕಿತು. ಅವನ ಮುಖ ಬೆವತುಹೋಯಿತು. ನಾನು ಮೆಲ್ಲಗೆ ತುಟಿಯಲ್ಲೇ ಹೇಳಿಕೊಟ್ಟೆ. ಅವನು ಎದೆ ಸೆಟೆಸಿ ಮತ್ತೊಮ್ಮೆ ಹೇಳಿದ. ಈ ಸಲ ಒಂದಕ್ಷರವೂ ತಪ್ಪಲಿಲ್ಲ. ನಾನು ಎದ್ದು ಅವನ ಭಾಷೆಯಲ್ಲಿ ಅದನ್ನೇ ಹೇಳಿದೆ. ಎರಡು ಭಾಷೆಯಲ್ಲಿ ಒಂದೇ ಸಂಖ್ಯೆ ನದಿಯ ಎರಡೂ ಕಡೆಗೆ ಹೋಯಿತು. ಆಮೇಲೆ ಎದ್ದ ಗದ್ದಲದಲ್ಲಿ ಸೇತುವೆಯ ತೊಲೆಗಳೇ ನಡುಗಿದವು.

ನನಗೆ ಕಣ್ಣು ಮಂಜಾಗಿತ್ತು. ಆದರೆ ಲಾರಿಗಳ ಸಾಲು ಬೆಟ್ಟದವರೆಗೂ ಇತ್ತು. ನಾನೂ ಕಪಾಂಬ್ವೆಯೂ ಒಟ್ಟಿಗೇ ಬಾಯಿ ತೆರೆದು ಕೂಗಿದೆವು:

"ಮುಂದಿನವರು ಬನ್ನಿ!"